ಹೇಂಟೆಯ ಪರವಾಗಿ ಒತ್ತಿದ ಹೆಜ್ಜೆ

ತಲೆಯ ಮೇಲೆ ಜುಟ್ಟಿದೆಯೆಂದು ಅರಸನಾಗಿ ಕೂತಿದ್ದ ನವಿಲನ್ನು ಕೋಳಿಗಳೆಲ್ಲ ಸೇರಿ ಓಡಿಸಿದವು. ಮೊಟ್ಟೆಯೊಡೆದು ಬಂದವರೆಲ್ಲ ಸಮಾನರು, ಒಪ್ಪಿಗೆಯಿಲ್ಲದೆ ಯಾರೂ ಯಾರನ್ನೂ ಆಳಕೂಡದು ಎಂದು ಕರಾರಾಯಿತು. ಒಪ್ಪಿದವರು ಹಸಿ ಮಣ್ಣಿನ ಮೇಲೆ ಹೆಜ್ಜೆಯೊತ್ತಬೇಕಿತ್ತು.

ಕಾವಿಗೆ ಕೂತಿದ್ದ ಹೇಂಟೆಗೆ ಸುದ್ದಿ ಕೇಳಿ ಮೈ ಜುಮ್ಮೆಂದಿತು. "ನಾನೂ ಹೋಗಿ ಒತ್ತಿ ಬರುತ್ತೇನೆ" ಎಂದಳು.

ಸಭೆಯಿಂದ ಆಗಷ್ಟೇ ಬಂದಿದ್ದ ಅವಳ ಗಂಡ ಹುಂಜ "ಬೇಡ" ಎಂದ. "ನಿನ್ನ ಪರವಾಗಿ ನಾನೇ ಒತ್ತಿದ್ದೇನೆ. ನಿನ್ನನ್ನು ಪ್ರಕೃತಿಯೇ ಕಾವಿಗೆ ಕೂರಿಸಿದೆ."

"ನವಿಲಿಗೆ ಜುಟ್ಟು ಕೊಟ್ಟದ್ದೂ ಪ್ರಕೃತಿಯೇ ಅಲ್ಲವೇ?"

"ಅದು ರಾಜ್ಯದ ಮಾತು, ಇದು ಸಂಸಾರ."

"ಹಾಗಾದರೆ ಸಂಸಾರದಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು ಮಾಡಿದರೆ ನಡೆಯುತ್ತದೆ?"

"ಧಾರಾಳವಾಗಿ!" ಎಂದ ಹುಂಜ.

ಹೇಂಟೆ ಗೂಡಿನಿಂದ ಕೆಳಗಿಳಿದಳು. "ಒಳ್ಳೆಯದಾಯಿತು. ಇನ್ನು ನನ್ನ ಪರವಾಗಿ ನೀವು ಕೂತುಕೊಳ್ಳಿ. ತಡಮಾಡಿದರೆ ಮೊಟ್ಟೆ ತಣ್ಣಗಾಗಿ ನಿಮ್ಮ ವಂಶವೇ ಹೋದೀತು."

ಹುಂಜ ಗೊಣಗುತ್ತಲೇ ಕೂತ. ಮಧ್ಯಾಹ್ನ ಇನ್ನೊಂದು ಕರಾರಿಗೆ ಹೆಜ್ಜೆಯೊತ್ತಲು ಸಭೆ ಅವನ ಹೆಸರು ಕೂಗಿದಾಗ, ಮುಂದಿನ ಸಾಲಿನಿಂದ ಹೇಂಟೆ ಎದ್ದು ನಿಂತಳು.

"ಅವರು ಕಾವಿಗೆ ಕೂತಿದ್ದಾರೆ. ಅವರ ಪರವಾಗಿ ನಾನೇ ಒತ್ತುತ್ತೇನೆ."