ಚಕ್ರದೊಳಗಿನ ಹೊಸಬ

ಹರಿಹರದ ಹತ್ತಿರ, ಹೊಳೆ ದಾಟಿದ ಕೂಡಲೇ ದಸ್ತಗೀರ್ ಉಸ್ತಾದರ ಟೈರ್ ಅಂಗಡಿ. ಉಸ್ತಾದರ ಕೈ ನಡುಗತೊಡಗಿದ ಮೇಲೆ ಕೆಲಸವೆಲ್ಲ ಶಿಷ್ಯೆ ಹಾಲಮ್ಮನದೇ. ಆದರೆ ಬಂದವರೆಲ್ಲ ಅವಳನ್ನು ದಾಟಿ ಒಳಗೆ ಇಣುಕುತ್ತಿದ್ದರು. "ಉಸ್ತಾದ್ ಇಲ್ಲೇನು?"

ಅಂಗಡಿಯನ್ನು ಅವಳಿಗೇ ಬಿಡಬೇಕೆಂಬುದು ಉಸ್ತಾದರ ಆಸೆ. ಗಿರಾಕಿಗಳು ಅವಳನ್ನು ಒಪ್ಪದಿದ್ದರೆ ಅಂಗಡಿ ಸಿಕ್ಕಿ ಏನು ಬಂತು? ಹಾಲಮ್ಮನಿಗೆ ಅದೇ ಕೊರಗು.

ಅವತ್ತು ಕೊಟ್ರಗೌಡರ ಕಾರು ಬಂತು. ಟೈರಿನ ಗಾಳಿ ಎಷ್ಟಿದೆಯೆಂದು ತಿಳಿಸುವ ಸೆನ್ಸರ್ ಒಂದು ಚಕ್ರದಲ್ಲಿ ಸತ್ತಿತ್ತು. ಹಾಲಮ್ಮ ಟೈರ್ ಬಿಚ್ಚಿ ಹೊಸದನ್ನು ಕೂರಿಸಿದಳು. ಗಾಳಿ ತುಂಬಿ, ಸೋಪು ನೀರು ಹಚ್ಚಿ ನೋಡಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಎಂಥ ಚೊಕ್ಕ ಕೆಲಸ!

ಆದರೆ ಕಾರಿನೊಳಗಿನ ಹಳದಿ ಎಚ್ಚರಿಕೆ ದೀಪ ಆರಲಿಲ್ಲ.

"ಉಸ್ತಾದ್‌ನ ಕರಿ ಅಂತ ಮೊದ್ಲೇ ಹೇಳಿದ್ನಲ್ಲ," ಎಂದರು ಗೌಡರು.

ಹಾಲಮ್ಮ ಮುಖ ಕೆಂಪಗೆ ಮಾಡಿಕೊಂಡು ಒಳಗೆ ಹೋದಳು. ಉಸ್ತಾದರು ಚಹಾ ಕುಡಿಯುತ್ತಿದ್ದರು.

"ಉಸ್ತಾದ್, ಹೊಸ ಸೆನ್ಸರ್ರೇ ಕೆಟ್ಟಂಗೈತೆ. ಇನ್ನೊಂದು ಹಾಕ್ಲಾ?"

"ಅದು ಮಾತಾಡ್ತೈತಾ?"

"ಸ್ಕ್ಯಾನರ್ ಹಿಡಿದು ನೋಡ್ದೆ. ಮಾತಾಡ್ತೈತೆ."

"ಕೇಳಿಸ್ಕೊಳ್ಳೋದು ಯಾರವ್ವ?"

"ಕಾರು."

"ಕಾರು ಯಾರ ಮಾತಿಗೆ ಕಾಯ್ತೈತೆ?"

ಹಾಲಮ್ಮನಿಗೆ ಆಗ ಹೊಳೆಯಿತು. ಪ್ರತಿ ಸೆನ್ಸರಿಗೂ ತನ್ನದೇ ನಂಬರು. ಕಾರಿಗೆ ಗೊತ್ತಿದ್ದದ್ದು ಹಳೆಯದರ ನಂಬರು ಮಾತ್ರ.

"ಅಯ್ಯೋ, ಸತ್ತಿರೋದಕ್ಕೇ ಕಾಯ್ತಾ ಕುಂತೈತೆ!"

"ತಪ್ಪು ಯಾರದು?"

"ಕಾರಿಂದಲ್ಲ, ಸೆನ್ಸರಿಂದೂ ಅಲ್ಲ. ಎರಡನ್ನೂ ಬಲ್ಲೋರು ಪರಿಚಯ ಮಾಡಿಸ್ಬೇಕಿತ್ತು."

ಉಸ್ತಾದರು ಲೋಟ ಕೆಳಗಿಟ್ಟು ಅವಳನ್ನೇ ನೋಡಿದರು.

ಹಾಲಮ್ಮ ಹೋಗಿ ಹೊಸ ನಂಬರನ್ನು ಕಾರಿಗೆ ಕಲಿಸಿದಳು. ಸೇತುವೆಯವರೆಗೆ ಓಡಿಸಿಕೊಂಡು ಬಂದಳು. ದೀಪ ಆರಿತ್ತು.

ಗೌಡರಿಗೆ ಇನ್ನೂ ಸಮಾಧಾನವಿಲ್ಲ. "ಮನೆಮಂದಿ ಎಲ್ಲ ದೂರ ಹೋಗೋದೈತೆ. ಉಸ್ತಾದ್ ಒಂದ್ಸಲ ನೋಡಿಬಿಡ್ಲಿ."

ಉಸ್ತಾದರು ಆಗಲೇ ಹೊರಗೆ ಬಂದಿದ್ದರು. ಕಾರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹಾಲಮ್ಮನ ಪಕ್ಕಕ್ಕೆ ಬಂದು, ನಡುಗುವ ಕೈಯನ್ನು ಅವಳ ಹೆಗಲ ಮೇಲಿಟ್ಟರು. ಅವರ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು.

ಅವಳತ್ತ ತೋರಿಸಿ ಹೇಳಿದರು:

"ನಮ್ಮ ಉಸ್ತಾದ್ ಇವ್ರೇ, ಗೌಡ್ರೇ. ಇವ್ರು ನೋಡಿದ್ಮೇಲೆ ಮತ್ತೆ ನಾನ್ಯಾಕ್ರೀ ನೋಡ್ಲಿ?"