ಅವರೆ ಕುಡಿಯ ಹೇನಿಗೆ ಅಷ್ಟು ಮಕ್ಕಳೇಕೆ

ಭೂಮಿ ಇನ್ನೂ ಹಸಿಹಸಿಯಾಗಿದ್ದಾಗ, ಗಾಳಿಗೂ ಬೇವಿನ ಮರಕ್ಕೂ ಮಾತು ಬರುತ್ತಿದ್ದಾಗ, ಅವರೆ ಗಿಡದ ಹೇನು ದಿನಕ್ಕೊಂದೇ ಮರಿ ಹಾಕುತ್ತಿತ್ತು. ಒಂದೇ ಒಂದು.

ಆಗ ಕೆಂಚವ್ವ, ಬೋರವ್ವ ಅಂತ ಇಬ್ಬರು ವಾರಗಿತ್ತಿಯರಿದ್ದರು. ಇಬ್ಬರದೂ ಅವರೆ ಹೊಲ, ನಡುವೆ ಒಂದು ಬದು, ಬದುವಿನ ಮೇಲೆ ಬೇವಿನ ಮರ. ವರ್ಷದ ಊಟವೆಲ್ಲ ಆ ಅವರೆಯಿಂದಲೇ. ಹಿರಿಯಳು ಕೆಂಚವ್ವ. ಬೋರವ್ವನ ಗಿಡ ಒಂದು ಗೇಣು ಎತ್ತರ ಬೆಳೆದರೂ ಅವಳ ಹೊಟ್ಟೆ ಉರಿಯುತ್ತಿತ್ತು. ಬೋರವ್ವ ಹಾಡಿಕೊಂಡು ಕಳೆ ಕಿತ್ತರೂ ಉರಿಯುತ್ತಿತ್ತು.

ಆ ವರ್ಷ ಎರಡೂ ಹೊಲಕ್ಕೆ ಹೇನು ಬಿತ್ತು. ಬೇವಿನ ಮರ ತನ್ನ ಬೀಜ ಉದುರಿಸಿ ಹೇಳಿತು, "ಅರೆದು ಒಂದು ಮಡಕೆ ಕಹಿ ಮಾಡ್ಕೊಳ್ಳಿ. ಸಮ ಹಂಚ್ಕೊಂಡು ಚಿಮುಕಿಸಿ. ನೀರು ಮಾತ್ರ ಬೆರೆಸಬ್ಯಾಡಿ ಕಣ್ರವ್ವಾ."

ಹಂಚುವ ಸೌಟು ಹಿರಿಯಳ ಕೈಯಲ್ಲಿ. ಅದು ಆ ಮನೆಯ ಪದ್ಧತಿ. ಕೆಂಚವ್ವ ಬೋರವ್ವನ ಕುಡಿಕೆಗೆ ಎರಡು ಸೌಟು ಕಹಿ ಹಾಕಿ, ಅತ್ತಿತ್ತ ನೋಡಿ, ಕಂಠದವರೆಗೂ ನೀರು ತುಂಬಿಸಿದಳು. ಉಳಿದದ್ದೆಲ್ಲ ತನಗೆ. "ಈ ಸಲ ಅವಳ ಅವರೆ ಅದೆಂಗೆ ಬೆಳೀತದೋ ನೋಡೇಬುಡ್ತೀನಿ" ಅಂದುಕೊಂಡಳು. ಎಷ್ಟು ಹಿತವಾಯಿತೋ ಅವಳಿಗೆ!

ಕೆಂಚವ್ವನ ಹೊಲದ ಹೇನುಗಳೆಲ್ಲ ಸತ್ತವು. ಬೋರವ್ವನ ಹೊಲದಲ್ಲೂ ಬಹಳ ಸತ್ತವು, ಆದರೆ ಗಟ್ಟಿ ಜೀವದ ಒಂದು ಹೇನು ಸಾಯಲಿಲ್ಲ. ತೆಳು ಕಹಿ ಅದರ ಹೊಟ್ಟೆಗಿಳಿಯಿತು. ಸಾಯುವಷ್ಟಲ್ಲ, ಹೆದರುವಷ್ಟು.

"ಅಯ್ಯೋ, ನಾಳೆ ಇರ್ತೀನೋ ಇಲ್ವೋ! ಹೆರೋದನ್ನೆಲ್ಲ ಇವತ್ತೇ ಹೆತ್ತುಬುಡ್ತೀನಿ" ಅಂದಿತು ಹೇನು.

ಹೆತ್ತಿತು. ಒಂದಲ್ಲ, ಹತ್ತು. ಅವ್ವನ ಹೊಟ್ಟೆಯಲ್ಲೇ ಕಹಿಯ ರುಚಿ ಕಂಡ ಆ ಹತ್ತೂ ಅವ್ವನ ಹಾಗೇ ಹೆತ್ತವು. ಬೋರವ್ವನ ಅವರೆ ಕಪ್ಪಾಯಿತು. ಬದುವಿನಾಚೆ ನಿಂತು ಕೆಂಚವ್ವ ಸೆರಗಿನ ಮರೆಯಲ್ಲಿ ನಕ್ಕಳು.

ಆ ಹೊಲ ಸಾಲದಾದಾಗ ಮರಿಗಳಿಗೆ ರೆಕ್ಕೆ ಬಂತು. "ನಮ್ಮನ್ನ ಎತ್ಕೊಂಡು ಹೋಗಣ್ಣ" ಅಂದವು ಗಾಳಿಗೆ.

"ಎಲ್ಲಿಗೆ?" ಅಂದಿತು ಗಾಳಿ.

"ಎಲ್ಲಿ ಹಸಿರದೆಯೋ ಅಲ್ಲಿಗೆ."

ಹಸಿರಾಗಿದ್ದದ್ದು ಕೆಂಚವ್ವನ ಹೊಲ ಒಂದೇ.

ಕೆಂಚವ್ವ ಓಡಿ ಬಂದು, ಉಳಿಸಿಟ್ಟ ಗಟ್ಟಿ ಕಹಿಯನ್ನೆಲ್ಲ ಸುರಿದಳು. ಹೇನುಗಳು ಬಾಯಿ ಚಪ್ಪರಿಸಿದವು. "ಇದು ನಮ್ಮವ್ವನ ಹೊಟ್ಟೇಲೇ ಕುಡಿದಿದ್ದು" ಅಂದವು. ಮೂರೇ ದಿನ. ಬಿತ್ತನೆಗೂ ಒಂದು ಕಾಳು ಉಳಿಯಲಿಲ್ಲ.

ಬೋರವ್ವ ಬದು ದಾಟಿ ಬಂದಳು. ಮಡಿಲಲ್ಲಿ ಒಂದು ಹಿಡಿ ಬೀಜವಿತ್ತು. "ಹೋದ ವರ್ಸದ್ದು ಕಣಕ್ಕ, ಇಷ್ಟೇ ಉಳಿದಿರೋದು. ಅರ್ಧ ನಿಂಗೆ. ನೀನೂ ನಂಗೆ ಸಮ ಹಂಚಿದ್ಯಲ್ವಾ?" ಅಂದಳು.

ಆ ಒಳ್ಳೆಯತನದ ಮೇಲೂ ಕೆಂಚವ್ವನಿಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಅಳು ಬಂತು.

ಅದಕ್ಕೇ ಮಗೂ, ಇವತ್ತಿಗೂ ನೀನು ಅವರೆ ಕುಡಿ ಬಗ್ಗಿಸಿ ನೋಡಿದರೆ ಒಂದು ಹೇನಿನ ಸುತ್ತ ಕಪ್ಪಗೆ ಮುತ್ತಿಕೊಂಡ ಮಕ್ಕಳು ಕಾಣುತ್ತವೆ. ಕೆಂಚವ್ವ ನೀರು ಬೆರೆಸಿದ ಕಹಿಗೆ ಹೆದರಿದ ಆ ತಾಯಿ ಇನ್ನೂ ಹೆರುತ್ತಲೇ ಇದೆ.