ಪಾಳುಗೋಡೆಗೆ ಬಣ್ಣ ಬಂದದ್ದು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಆಗ ಗೋಡೆಗಳು ಬೀಳುತ್ತಿರಲಿಲ್ಲ. ಅವಕ್ಕೆ ಕಿವಿಯಿತ್ತು, ಬಾಯಿಯಿತ್ತು, ಕೊಟ್ಟ ಮಾತನ್ನು ನಂಬುವ ಗುಣವಿತ್ತು. ಮನೆಯವರು ಹೊರಗೆ ಹೊರಟರೆ ಹೊಸ್ತಿಲ ಮೇಲೆ ನಿಂತು "ಹೋಗಿ ಬರ್ತೀವಿ" ಅನ್ನುತ್ತಿದ್ದರು. ಬರೀ "ಹೋಗ್ತೀವಿ" ಅಂದರೆ ಕೆಡುಕೆಂದು ಯಾರೂ ಹಾಗೆ ಅನ್ನುತ್ತಿರಲಿಲ್ಲ. ಅವರು ಬರುವ ತನಕ ಗೋಡೆ ಕಾಯುತ್ತಿತ್ತು.

ಕೆಂಚವ್ವನಿಗೆ ಪುಟ್ಟಿ ಎಂಬ ಮಗಳಿದ್ದಳು. ಮನೆಗೆ ಸುಣ್ಣ ಬಳಿದ ದಿನವೇ ಪುಟ್ಟಿ ಕೆಮ್ಮಣ್ಣಿನಲ್ಲಿ ಅಂಗೈ ಅದ್ದಿ ಬಿಳಿ ಗೋಡೆಗೆ ಒತ್ತಿಬಿಟ್ಟಳು. ಕೆಂಚವ್ವ ಬೈದಳು. ಗೋಡೆ ನಕ್ಕಿತು.

"ಇರಲಿ ಬಿಡವ್ವ, ನನಗೂ ಒಂದು ಬೊಟ್ಟು ಬೇಡವೇ?"

ಆ ವರ್ಷ ಊರಿಗೆ ಜ್ವರ ಬಂತು. ಪುಟ್ಟಿ ತೀರಿಕೊಂಡಳು. ಉಳಿದವರು ಗಂಟುಮೂಟೆ ಕಟ್ಟಿದರು. ಕೆಂಚವ್ವ ಹೊಸ್ತಿಲು ದಾಟುವಾಗ ರೂಢಿಯಂತೆ "ಹೋಗಿ ಬರ್ತೀನಿ" ಅಂದುಬಿಟ್ಟಳು.

"ಬಾರವ್ವ," ಅಂದಿತು ಗೋಡೆ.

ಏಳು ಹೊಳೆ ದಾಟಿ ಕೆಂಚವ್ವ ಹೊಸ ಮನೆ ಕಟ್ಟಿದಳು, ಒಲೆ ಹೂಡಿದಳು. ಬೆಂಕಿ ಹತ್ತಲಿಲ್ಲ. ಸೌದೆ ಬದಲಿಸಿದಳು, ಹತ್ತಲಿಲ್ಲ. ಒಲೆಯನ್ನೇ ಒಡೆದು ಮತ್ತೆ ಹೂಡಿದಳು, ಹತ್ತಲಿಲ್ಲ. ಆ ತಣ್ಣನೆಯ ಮನೆಯಲ್ಲಿ ಗಂಡು ಮಗು ಹುಟ್ಟಿತು. ಚಳಿಗೆ ಅದರ ತುಟಿ ನೀಲಿಗಟ್ಟಿತು.

"ಏನಪ್ಪಾ ಇದು? ಇದನ್ನೂ ಕಳಕೊಳ್ಳಬೇಕಾ ನಾನು?" ಎಂದು ಗಾಳಿಯನ್ನು ಕೇಳಿದಳು.

"ನಿನ್ನ ಮಾತು ಅಲ್ಲೇ ಉಳಿದಿದೆಯಲ್ಲ ತಾಯಿ," ಅಂದಿತು ಗಾಳಿ. "ಒಂದು ಮನೆ ಕಾಯ್ತಾ ಇರುವಾಗ ಇನ್ನೊಂದು ಮನೆಯ ಒಲೆ ಉರಿಯೋದಿಲ್ಲ. ಹೋಗಿ ಬಿಡಿಸಿಕೊಂಡು ಬಾ."

ಮಗುವನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೆಂಚವ್ವ ಹಿಂದಿರುಗಿದಳು. ಊರಲ್ಲಿ ನರಪಿಳ್ಳೆಯಿಲ್ಲ. ಮನೆಗೆ ಒಂದು ಬಿರುಕಿಲ್ಲ, ಒಂದು ಹೊಸ ಕಲೆಯಿಲ್ಲ. ತೊಳೆದಿಟ್ಟ ಮೂಳೆಯ ಹಾಗೆ ಬೆಳ್ಳಗಿತ್ತು. ಅಂಗಳದಲ್ಲಿ ಮಳೆ ಕೂತಿತ್ತು.

"ನೋಡವ್ವ ಇದರ ಹಟ! ಒಂದು ಹನಿ ಒಳಗೆ ಬಿಡಲಿಲ್ಲ. ಅರಳಿ ಬೀಜ ಬಂದರೆ ಉಗಿದು ಕಳಿಸ್ತು."

ಗೋಡೆಗೆ ಮಳೆಯ ಮಾತು ಕೇಳಿಸಲೇ ಇಲ್ಲ. "ಬಂದೆಯಾ! ಪುಟ್ಟಿ ಕೈ ನೋಡು, ಹಾಗೇ ಇಟ್ಟಿದ್ದೀನಿ."

ಕೆಂಪು ಅಂಗೈ ಹಾಗೇ ಇತ್ತು. ಕೆಂಚವ್ವ ಅದರ ಮೇಲೆ ತನ್ನ ಕೈಯಿಟ್ಟಳು. ತೆಗೆಯಲು ಮನಸ್ಸು ಬರಲಿಲ್ಲ. ಸೆರಗಿನೊಳಗೆ ಮಗು ಏದುಸಿರು ಬಿಟ್ಟಿತು.

"ಹೋಗ್ತೀನಿ," ಅಂದಳು.

ಗೋಡೆ ಕಾಯಿತು. "ಹೋಗಿ...?"

"ಹೋಗ್ತೀನಿ. ಬರೋದಿಲ್ಲ."

ಸೂರಿನಿಂದ ನೆಲದವರೆಗೆ ಗೋಡೆ ಸೀಳಿಹೋಯಿತು.

"ಹಾಗಾದರೆ ಇನ್ನು ನನ್ನ ಜೊತೆ ಯಾರು?"

"ನಾನು," ಎನ್ನುತ್ತ ಮಳೆ ಒಳಗೆ ಬಂತು.

"ಆ ಕೈಯೊಂದನ್ನ ತೊಳೀಬೇಡವೋ," ಎಂದು ಕೆಂಚವ್ವ ಬೇಡಿಕೊಂಡಳು.

"ತೊಳೆಯದೆ ಇರೋದು ನನಗೆ ಗೊತ್ತಿಲ್ಲ ತಾಯಿ. ತೊಳೆದ ಜಾಗದಲ್ಲಿ ಏನಾದರೂ ಇಟ್ಟು ಹೋಗ್ತೀನಿ."

ಕೆಂಪು ಸಣ್ಣಗೆ ಕೆಳಗಿಳಿಯಿತು. ಕೆಂಚವ್ವ ತಿರುಗಿ ನೋಡಲಿಲ್ಲ. ಅವಳು ಮರಳಿದ ದಿನವೇ ಹೊಸ ಒಲೆ ಹತ್ತಿಕೊಂಡಿತು, ಮಗು ಬದುಕಿತು. ಆದರೆ ಪುಟ್ಟಿಯ ಕೈ ಎಷ್ಟು ದೊಡ್ಡದಿತ್ತೆಂದು ಅವಳಿಗೆ ಮತ್ತೆಂದೂ ನೆನಪಾಗಲಿಲ್ಲ.

ಮಳೆ ಮಾತು ಉಳಿಸಿಕೊಂಡಿತು. ಅಂಗೈಯಿದ್ದಲ್ಲಿ ಪಾಚಿ ಇಟ್ಟಿತು, ಬಿರುಕಿನಲ್ಲಿ ಅರಳಿ ಬೀಜ ಇಟ್ಟಿತು. ಒಬ್ಬಳು ಆಡಿದ ಮಾತು ಉಳಿದ ಗೋಡೆಗಳ ಕಿವಿಗೂ ಬಿತ್ತು. ಅಂದಿನಿಂದ ಯಾವ ಗೋಡೆಯೂ ಮನುಷ್ಯರೊಡನೆ ಮಾತಾಡಿಲ್ಲ.

ಅದಕ್ಕೇ ಮಕ್ಕಳೇ, ಇವತ್ತಿಗೂ ಪಾಳುಮನೆಯ ಗೋಡೆಯಲ್ಲಿ ಕೆಂಪು ಗೆರೆಗಳು ಇಳಿದಿರುತ್ತವೆ, ಹಸಿರು ಪಾಚಿ ಮೊದಲು ಒಂದು ಪುಟ್ಟ ಅಂಗೈಯಷ್ಟೇ ಮೂಡುತ್ತದೆ, ಅರಳಿಯ ಬೇರು ಐದು ಬೆರಳು ಚಾಚಿ ಗೋಡೆಯನ್ನು ತಬ್ಬುತ್ತದೆ, ತಬ್ಬಿಕೊಂಡೇ ಅದನ್ನು ಕೆಡವುತ್ತದೆ.